ಒಂದು-ಒಂದು

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಮತ್ತೆ ಅದೇ ಚರ್ಚೆ. ಕ್ರೀಡಾ ಇತಿಹಾಸದ ಅತಿ ದೊಡ್ಡ ಸರಣಿ ಯಾವುದು ಅಂತ. ನಮ್ಮ ಟೀಮಿನ ಬಾಸ್ಕೆಟ್‌ಬಾಲ್ ಹುಚ್ಚನಿಗೆ 2016ರ ಎನ್‌ಬಿಎ ಫೈನಲ್ಸ್ ಬಿಟ್ಟರೆ ಬೇರೆ ಕಾಣುವುದೇ ಇಲ್ಲ. 3-1ರಿಂದ ಹಿಂದಿದ್ದ ಕ್ಲೀವ್‌ಲ್ಯಾಂಡ್ ಕೊನೆಗೆ 4-3 ಮಾಡಿ ಗೆದ್ದದ್ದು. ಇನ್ನೊಬ್ಬ 2001ರ ಆಸ್ಟ್ರೇಲಿಯಾ ಸರಣಿ ಅಂದ. ಮುಂಬೈಯಲ್ಲಿ ಹತ್ತು ವಿಕೆಟ್ ಸೋಲು, ಕೋಲ್ಕತ್ತಾದಲ್ಲಿ ಫಾಲೋ ಆನ್ ಆದ ಮೇಲೆ ಲಕ್ಷ್ಮಣ್ 281, ನಮ್ಮ ದ್ರಾವಿಡ್ 180, ಚೆನ್ನೈಯಲ್ಲಿ ಎರಡು ವಿಕೆಟ್ ಗೆಲುವು...

"ನಿಂದು ಯಾವ್ದೋ?" ಅಂದರು.

"ಕಂಬಳ" ಅಂದೆ. ಎಲ್ಲರೂ ನಕ್ಕರು. "ಹೌದಲ್ಲ, ಉಸೇನ್ ಬೋಲ್ಟ್‌ಗಿಂತ ಫಾಸ್ಟು!"

ಬಂಟ್ವಾಳದವನು ಅಂತ ಹೇಳಿದ ಕೂಡಲೇ 2020ರಿಂದ ನನಗೆ ಸಿಗುವ ಮೊದಲ ಮಾತೇ ಇದು. ಆ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಅಂದರು. ಕೆಲವೇ ದಿನಗಳಲ್ಲಿ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರಿಗೆ 13.61. ಮರುವರ್ಷ ನಮ್ಮ ಕಕ್ಯಪದವಿನಲ್ಲಿ ಶ್ರೀನಿವಾಸ ಗೌಡರೇ 125 ಮೀಟರಿಗೆ 11.21. ದೊಡ್ಡ ಓಟಗಾರರು, ಸಂಶಯವಿಲ್ಲ. ಆದರೆ ಒಂದೊಂದು ಊರಿನ ಕರೆ ಒಂದೊಂದು ಉದ್ದ, ಒಂದೊಂದು ಬಗೆಯ ಕೆಸರು. ಜೊತೆಗೆ ಓಟಗಾರನನ್ನು ಎಳೆಯಲು ಎರಡು ಕೋಣಗಳುಂಟು. ಇದನ್ನು ಸಿಂಥೆಟಿಕ್ ಟ್ರ್ಯಾಕಿನ ಜೊತೆ ಹೋಲಿಸಿದರೆ ನಮ್ಮ ಟೆಸ್ಟಿಂಗ್ ಟೀಮಿನವರು ಒಪ್ಪುವುದಿಲ್ಲ :-)

ನಾನು ಹೇಳಲು ಹೊರಟದ್ದು ಸೆಕೆಂಡಿನ ವಿಷಯವಲ್ಲ. ಜೋಡುಕರೆ ಅಂದರೆ ಅಕ್ಕಪಕ್ಕ ಎರಡು ಕರೆ. ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ವೇಣೂರಿನಲ್ಲಿ ಸೂರ್ಯ-ಚಂದ್ರ, ಕಕ್ಯಪದವಿನಲ್ಲಿ ಸತ್ಯ-ಧರ್ಮ ಅಂತ ಹೆಸರು. ಎರಡು ಜೋಡಿ ಕೋಣ ಒಟ್ಟಿಗೆ ಓಡಬೇಕು, ಸೋತವರು ಮನೆಗೆ. ರಾತ್ರಿಯಿಡೀ ನಡೆದು ಫೈನಲ್ ಆಗುವಾಗ ಎಷ್ಟೋ ಸಲ ಬೆಳಗಾಗಿರುತ್ತದೆ. ಮುಂದಿನ ವಾರಗಳಲ್ಲಿ ಬೇರೆ ಊರು, ಬೇರೆ ಕರೆ, ಆದರೆ ಹೆಚ್ಚುಕಡಿಮೆ ಅದೇ ಕೋಣಗಳು. ಹೋದ ಸಲ ಸೋತವನು ಈ ಸಲ ಏನೋ ಒಂದು ಯೋಚನೆ ಮಾಡಿಕೊಂಡೇ ಬಂದಿರುತ್ತಾನೆ.

ನನ್ನ ಸೋದರ ಮಾವ ಹಗ್ಗ ಕಿರಿಯ ವಿಭಾಗಕ್ಕೆ ಒಂದು ಜೋಡಿ ಸಾಕಿದ್ದರು. ಹುರುಳಿ ಬೇಯಿಸುವುದು, ಎಣ್ಣೆ ತಿಕ್ಕುವುದು, ಈಜಿಸುವುದು... ಅತ್ತೆ ಹೇಳುತ್ತಿದ್ದರು, "ಮಕ್ಕಳಿಗೆ ಇಷ್ಟು ಮಾಡಲಿಲ್ಲ ಇವರು" ಅಂತ. 2015-16ರ ಸೀಸನ್ನಿನಲ್ಲಿ ಮೂಡುಬಿದಿರೆಯ ಕಡಲಕೆರೆಯಲ್ಲಿ ನಮ್ಮ ಜೋಡಿಗೆ ಎದುರಾದದ್ದು ಬೆಳ್ತಂಗಡಿ ಕಡೆಯ ಒಂದು ಮನೆಯ ಕೋಣಗಳು. ನಾನು ಮಂಜೊಟ್ಟಿಯಲ್ಲಿ ಕೋಣ ಹಿಡಿಯಲು ನಿಂತಿದ್ದೆ. ಮುಕ್ಕಾಲು ದೂರದವರೆಗೆ ಸಮಸಮ. ಕೊನೆಗೆ ನಾವು ಸೆಕೆಂಡಿನ ಸಣ್ಣ ಒಂದು ಚೂರಿನಲ್ಲಿ ಸೋತೆವು.

ಮಾವ ಓಟಗಾರನಿಗೆ ಬಯ್ಯಲಿಲ್ಲ, ಕೋಣಕ್ಕೂ ಬಯ್ಯಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ "ಗಂತಿನಲ್ಲಿ ನಮ್ಮದು ತುಂಬ ಹೊತ್ತು ನಿಂತಿತು ಮಾರಾಯ, ಅಲ್ಲೇ ಹೋದದ್ದು" ಅಂದರು. ಹೌದು, ಎದುರಿನವರ ಕೋಣ ಸರಿಯಾಗಿ ನಿಲ್ಲದೆ ತಿರುಗಿ ತಿರುಗಿ ತಡವಾಗಿತ್ತು. ಅಷ್ಟು ಹೊತ್ತು ನಮ್ಮದು ಹಗ್ಗ ಜಗ್ಗಿ ಜಗ್ಗಿ ಸುಸ್ತಾಗಿತ್ತು.

ವೇಣೂರಿನಲ್ಲಿ ಮತ್ತೆ ಅವರೇ ಸಿಕ್ಕಿದರು. ಮೈಕಿನಲ್ಲಿ ಎಷ್ಟು ಕರೆದರೂ ಮಾವ ಕೋಣಗಳನ್ನು ಗಂತಿಗೆ ಇಳಿಸಲೇ ಇಲ್ಲ. ಅವರದು ನಿಂತ ಮೇಲೆ ಇಳಿಸಿದರು, ತಿರುಗಿಸಿದರು, ಬಿಟ್ಟರು. ಗೆದ್ದೆವು. ಆ ಮನೆಯ ಯಜಮಾನರು ಬಂದು ಮಾವನ ಭುಜ ತಟ್ಟಿ, "ನಿಮ್ಮ ಉಪಾಯ ಗೊತ್ತಾಯ್ತು. ಅದಕ್ಕೆ ನನ್ನತ್ರ ಮದ್ದುಂಟು, ಮುಂದಿನ ವರ್ಷ ನೋಡುವ" ಅಂದರು. ಆ ಮಳೆಗಾಲವಿಡೀ ಮಾವನಿಗೆ ಅದೊಂದೇ ಯೋಚನೆ, ಆ ಮದ್ದು ಎಂಥದ್ದು?

2016ರ ನವೆಂಬರಿನಲ್ಲಿ ಹೈಕೋರ್ಟಿನ ತಡೆ ಬಂತು. ಆ ಸೀಸನ್ ಹೋಯಿತು. ಕೋಣಗಳಿಗೆ ಹಿಂಸೆ ಎಂಬ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಬೆತ್ತದ ಏಟು ಹೆಚ್ಚಾದದ್ದನ್ನು ನಾನೇ ನೋಡಿದ್ದೇನೆ. ಆದರೆ ಕಟ್ಟಿಹಾಕಿದಲ್ಲೇ ದಪ್ಪವಾಗುತ್ತಿದ್ದ ಕೋಣಗಳನ್ನೂ, ಆಗಲೂ ಹುರುಳಿ ಬೇಯಿಸುತ್ತಿದ್ದ ಮಾವನನ್ನೂ ನೋಡಿದ್ದೇನೆ.

2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಕಂಬಳ ಉಳಿಸಿ ಅಂತ ದೊಡ್ಡ ಮೆರವಣಿಗೆ ಆಯಿತು. ಮಾವ ಜೋಡಿಯನ್ನು ಸಿಂಗರಿಸಿ ಕರೆದುಕೊಂಡು ಹೋದರು. ಜನರ ಮಧ್ಯೆ ಪಕ್ಕದಲ್ಲೇ ಬಂದದ್ದು ಯಾರು ಗೊತ್ತೇ? ಅದೇ ಬೆಳ್ತಂಗಡಿಯ ಜೋಡಿ. ಎರಡೂ ಜೋಡಿ ಡಾಂಬರು ರಸ್ತೆಯ ಮೇಲೆ ನಿಧಾನಕ್ಕೆ, ಅಕ್ಕಪಕ್ಕ ನಡೆದವು. ನಮ್ಮ ಬಲಬದಿಯ ಕೋಣ ಒಂದೆರಡು ಸಲ ಅತ್ತ ನೋಡಿ ಹಗ್ಗ ಜಗ್ಗಿತು. ಯಜಮಾನರು ಮಾವನನ್ನು ನೋಡಿ ನಕ್ಕರು. ಮದ್ದಿನ ಸುದ್ದಿ ಇಬ್ಬರೂ ಎತ್ತಲಿಲ್ಲ.

ಕಾನೂನು ತಿದ್ದುಪಡಿಯಾಗಿ 2017-18ರಲ್ಲಿ ಕಂಬಳ ಮತ್ತೆ ಶುರುವಾಯಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೂ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ನಮ್ಮ ಬಲಬದಿಯ ಕೋಣ 2017ರ ಮಳೆಗಾಲದಲ್ಲೇ ಗದ್ದೆಯ ಬದುವಿನಲ್ಲಿ ಜಾರಿ ಮುಂಗಾಲು ಕೆಡಿಸಿಕೊಂಡಿತ್ತು. ಮತ್ತೆ ಓಡಲಿಲ್ಲ. ಮಾವ ಅದನ್ನು ಮಾರಲೂ ಇಲ್ಲ.

ಇಷ್ಟು ಹೇಳುವಾಗ ಕ್ಯಾಂಟೀನಿನ ಕಾಫಿ ತಣ್ಣಗಾಗಿತ್ತು. "ಹಾಗಾದ್ರೆ ಗೆದ್ದದ್ದು ಯಾರು?" ಅಂದ ಬಾಸ್ಕೆಟ್‌ಬಾಲಿನವನು. ಒಂದು-ಒಂದು, ಅಂದೆ. ಅವನಿಗೆ ಸಮಾಧಾನವಾಗಲಿಲ್ಲ. ಸಂಜೆ ಮಾವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅಲ್ಲ ಮಾರಾಯ, ಆ ಮದ್ದು ಎಂತ ಇರಬಹುದು?"