ಹೆಸರಿಲ್ಲದ ಬಾಟಲಿ

ಓಕ್‌ವಿಲ್‌ನಲ್ಲಿ ಒಂದು ಶನಿವಾರ ಕನ್ನಡ ತರಗತಿ ನಡೆಸಲು ನಮಗೆ ಸಿಕ್ಕಿದ್ದು ವಿಜ್ಞಾನದ ಕೊಠಡಿ. ಅಕ್ಷರಮಾಲೆ ಬರೆಸುತ್ತಿದ್ದಾಗ ಹುಡುಗನೊಬ್ಬ ಗೋಡೆಯತ್ತ ಕೈ ತೋರಿಸಿ, "ಟೀಚರ್, ಈ ಚಿತ್ರಗಳಿಗೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದ. ಕೆಂಪು ಅಂಚಿನ ಚೌಕಗಳೊಳಗೆ ಜ್ವಾಲೆ, ತಲೆಬುರುಡೆ, ಕೈಯನ್ನು ತಿನ್ನುತ್ತಿರುವ ದ್ರವ. ಆ ಕೈಯನ್ನು ಕಂಡದ್ದೇ ನಮಗೆ ಊರಿನ ಶಾಲೆ ನೆನಪಾಯಿತು.

ಆಗ ನಾವು ಬಿ.ಎಡ್. ಮುಗಿಸಿ ಕರ್ನಾಟಕದ ಒಂದು ಪ್ರೌಢಶಾಲೆಗೆ ಸೇರಿದ್ದ ಹೊಸತು. ತಪಾಸಣೆಗೆ ಸಾಹೇಬರು ಬರುತ್ತಾರೆಂದು ಪ್ರಯೋಗಾಲಯದ ಶುಚಿ ನಡೆದಿತ್ತು. ಅಕ್ಷರ ದುಂಡಾಗಿದೆ ಎಂದು ಬಾಟಲಿಗಳಿಗೆ ಚೀಟಿ ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಭಾಷಾ ಶಿಕ್ಷಕರಲ್ಲವೇ? ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿ ಬೀಗಿದೆವು! ಚೀಟಿ ಉದುರಿದ್ದ ಒಂದು ಬಾಟಲಿಯನ್ನು ಮಾತ್ರ 'ಆಮೇಲೆ ಕೇಳಿದರಾಯಿತು' ಎಂದು ಮೂಲೆಗಿಟ್ಟೆವು. ಕೇಳಲಿಲ್ಲ. ಸಂಜೆ ಅಟೆಂಡರ್ ಅದನ್ನು ಖಾಲಿ ಬಾಟಲಿ ಎಂದುಕೊಂಡು ತೊಳೆಯಲು ನೀರು ಬಿಟ್ಟರು. ತಳದಲ್ಲಿದ್ದದ್ದು ಸಾರೀಕೃತ ಸಲ್ಫ್ಯೂರಿಕ್ ಆಮ್ಲ. ನೀರು ಬಿದ್ದೊಡನೆ ಕುದಿದು ಚಿಮ್ಮಿ ಮುಂಗೈ ಸುಟ್ಟಿತು. ಬಹಳ ಹೊತ್ತು ಅವರ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿದೆವು. "ಬಿಡಿ ಮೇಡಂ, ನೀವೇನು ಬೇಕಂತ ಮಾಡಿದ್ರಾ?" ಎಂದರು ಆ ಪುಣ್ಯಾತ್ಮರು. ಕಲೆ ಮಾತ್ರ ಉಳಿಯಿತು.

ರಾಸಾಯನಿಕಗಳನ್ನು ಹೆಸರು ನೋಡಿ ಅಲ್ಲ, ಗುಣ ನೋಡಿ ವಿಂಗಡಿಸಬೇಕೆಂದು ನಾವು ಕಲಿತದ್ದು ಆಮೇಲೆ. ನಮ್ಮ ವ್ಯಂಜನಗಳೂ ಹಾಗೆಯೇ ಅಲ್ಲವೇ? ಕಂಠದಲ್ಲಿ ಹುಟ್ಟುವುದು ಕ-ವರ್ಗ, ತುಟಿಯಲ್ಲಿ ಹುಟ್ಟುವುದು ಪ-ವರ್ಗ. ಅಸಿಟಿಕ್ ಮತ್ತು ನೈಟ್ರಿಕ್ ಎರಡೂ ಆಮ್ಲಗಳೇ. ಆದರೆ ಮೊದಲನೆಯದು ತಾನೇ ಉರಿಯುವಂಥದು, ಎರಡನೆಯದು ಉರಿಗೆ ಕುಮ್ಮಕ್ಕು ಕೊಡುವಂಥದು. ಇವನ್ನು ಅಕ್ಕಪಕ್ಕ ಇಡಲೇಬಾರದು. ಕೆನಡಾದಲ್ಲಿ ಈ ವಿಂಗಡಣೆಗೆ 1988ರಲ್ಲೇ ಡಬ್ಲ್ಯು.ಎಚ್.ಎಂ.ಐ.ಎಸ್. ಎಂಬ ವ್ಯವಸ್ಥೆ ಜಾರಿಗೆ ಬಂತು. 2015ರಲ್ಲಿ ಅದನ್ನು ವಿಶ್ವಸಂಸ್ಥೆಯ ಜಾಗತಿಕ ಪದ್ಧತಿಗೆ ಹೊಂದಿಸಿದರು. ಹುಡುಗ ತೋರಿಸಿದ ಕೆಂಪು ಚೌಕಗಳು ಅಲ್ಲಿಂದ ಬಂದವು.

ಬಳಸಿ ಉಳಿದದ್ದಕ್ಕೂ ಇದೇ ನಿಯಮ. ಆಮ್ಲ, ಪ್ರತ್ಯಾಮ್ಲ, ದ್ರಾವಕ, ಭಾರಲೋಹ ಎಲ್ಲಕ್ಕೂ ಬೇರೆ ಬೇರೆ ಡಬ್ಬಿ. ಪ್ರತಿಯೊಂದರ ಮೇಲೂ ಹೆಸರು, ತಾರೀಖು. ಅವನ್ನು ಒಯ್ಯಲು ಪರವಾನಗಿ ಪಡೆದವರೇ ಬರಬೇಕು. ಸಿಂಕಿಗೆ ಸುರಿದು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಹೊಡೆಯುವ ಮೈಲುತುತ್ತವೇ ಹೊಳೆಗೆ ಸೇರಿದರೆ ಮೀನಿಗೆ ವಿಷ. ಓಕ್‌ವಿಲ್‌ಗೆ ಕುಡಿಯುವ ನೀರು ಬರುವುದು ಒಂಟಾರಿಯೊ ಸರೋವರದಿಂದ. ಶುದ್ಧೀಕರಿಸಿದ ಚರಂಡಿ ನೀರು ಹೋಗಿ ಸೇರುವುದೂ ಅದನ್ನೇ.

ಪೋಷಕರೇ, ನಮ್ಮ ಮನೆಗಳೂ ಪ್ರಯೋಗಾಲಯಗಳೇ. ಬ್ಲೀಚ್‌ಗೆ ಆಸಿಡ್ ಬೆರೆತರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಹಳೆಯ ಬಣ್ಣ, ಬ್ಯಾಟರಿ, ಕ್ಲೀನರ್‌ಗಳನ್ನು ಕಸದ ಚೀಲಕ್ಕೆ ಹಾಕದೆ ಮಿಲ್ಟನ್‌ನಲ್ಲಿರುವ ಹಾಲ್ಟನ್ ತ್ಯಾಜ್ಯ ನಿರ್ವಹಣಾ ಕೇಂದ್ರಕ್ಕೆ ಕೊಂಡೊಯ್ಯಿರಿ.

ಆ ಶನಿವಾರ ನಾವು ಪಾಠ ಬದಲಿಸಿದೆವು. ಮಕ್ಕಳು ಆ ಚಿತ್ರಗಳಿಗೆ ಕನ್ನಡದ ಚೀಟಿ ಬರೆದರು: 'ಉರಿಯುತ್ತದೆ', 'ಸುಡುತ್ತದೆ', 'ವಿಷ'. ಕೊನೆಗೆ ನಾವು ಹೇಳಿದ್ದು ಇಷ್ಟೇ: ಮಕ್ಕಳೇ, ಹೆಸರಿಲ್ಲದ ಬಾಟಲಿ ಕಂಡರೆ ತೆರೆಯಬೇಡಿ, ಮೂಸಬೇಡಿ, ಚೆಲ್ಲಬೇಡಿ. ದೊಡ್ಡವರನ್ನು ಕೇಳಿ. ಅಂದು ನಾವು ಕೇಳಿದ್ದರೆ ಆ ಕೈ ಸುಡುತ್ತಿರಲಿಲ್ಲ.