ಹೊಡೆದ ಕೈ, ಸುಮ್ಮನಿದ್ದ ಬಾಯಿ

ಅಪರಾಧದ ಹೊಣೆಯನ್ನು ಯಾರ ಹೆಸರಿನಲ್ಲಿ ಬರೆಯಬೇಕೆಂಬ ಪ್ರಶ್ನೆ ಮೇಲ್ನೋಟಕ್ಕೆ ಸುಲಭವಾದುದು. ಹೊಡೆದವನೇ ಹೊಣೆಗಾರನೆಂಬುದು ಲೋಕದ ಉತ್ತರ. ಆದರೆ ಹೊಡೆದವನು ಸಮವಸ್ತ್ರ ತೊಟ್ಟ ಸೈನಿಕನಾಗಿ, ಹೊಡೆತ ತಿಂದವನು ಆ ಸೇನೆ ಆಕ್ರಮಿಸಿಕೊಂಡ ಪರನಾಡಿನ ಪ್ರಜೆಯಾಗಿದ್ದರೆ ಈ ಉತ್ತರ ಸಾಲದು. ಇರಾಕಿನ ಬಸ್ರಾ ನಗರದಲ್ಲಿ 2003ರಲ್ಲಿ ಸಂಭವಿಸಿದ ಒಂದು ಸಾವು ಇದಕ್ಕೆ ನಿದರ್ಶನವಾಗಿದೆ.

ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಅಮೆರಿಕ, ಬ್ರಿಟನ್ ಮುಂತಾದ ದೇಶಗಳ ಸೇನೆಗಳು ಇರಾಕಿನ ಮೇಲೆ ದಾಳಿ ಮಾಡಿದವು. ದಕ್ಷಿಣದ ಬಸ್ರಾ ಬ್ರಿಟಿಷರ ವಶವಾಯಿತು. ಸೆಪ್ಟೆಂಬರ್ 14ರಂದು ಸೈನಿಕರು ಅಲ್ಲಿನ ವಸತಿಗೃಹವೊಂದನ್ನು ಶೋಧಿಸಿ, ಆಯುಧಗಳು ದೊರೆತವೆಂದು ಅಲ್ಲಿದ್ದವರನ್ನು ಹಿಡಿದೊಯ್ದರು. ಅವರಲ್ಲಿ ಬಹಾ ಮೂಸಾ ಎಂಬ 26 ವರ್ಷದ ಸ್ವಾಗತಕಾರನೂ ಒಬ್ಬ. ಪತ್ನಿಯನ್ನು ಕಳೆದುಕೊಂಡಿದ್ದ ಅವನು ಇಬ್ಬರು ಚಿಕ್ಕ ಮಕ್ಕಳ ತಂದೆ. ಅವನ ತಂದೆ ಅದೇ ಊರಿನ ಹಿರಿಯ ಪೊಲೀಸ್ ಅಧಿಕಾರಿ. ಸುಮಾರು 36 ಗಂಟೆಗಳ ತರುವಾಯ ಬಹಾ ಮೂಸಾ ಬಂಧನದಲ್ಲಿಯೇ ಅಸುನೀಗಿದನು. ಅವನ ದೇಹದ ಮೇಲೆ 93 ಗಾಯಗಳಿದ್ದವು. ತಲೆಗೆ ಚೀಲ ತೊಡಿಸುವುದು, ನೋವಾಗುವ ಭಂಗಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದು, ಭಂಗಿ ತಪ್ಪಿದರೆ ಹೊಡೆಯುವುದು ಅಲ್ಲಿ ನಡೆದ ಕ್ರಮವಾಗಿತ್ತು.

ಏಳು ಮಂದಿಯನ್ನು ಸೇನಾ ನ್ಯಾಯಾಲಯ ವಿಚಾರಣೆಗೆ ಒಳಪಡಿಸಿತು. ದಳದ ಕರ್ನಲ್ ಸಹ ಅವರಲ್ಲಿದ್ದನು. 2007ರಲ್ಲಿ ಮೊಕದ್ದಮೆ ಮುಗಿದಾಗ ಆರು ಮಂದಿ ದೋಷಮುಕ್ತರಾಗಿದ್ದರು. ಕಾರ್ಪೊರಲ್ ಡೊನಾಲ್ಡ್ ಪೇನ್ ಒಬ್ಬನೇ ಬಂದಿಗಳನ್ನು ಅಮಾನುಷವಾಗಿ ನಡೆಸಿಕೊಂಡ ತಪ್ಪನ್ನು ಒಪ್ಪಿಕೊಂಡು, ಯುದ್ಧಾಪರಾಧಿಯೆಂಬ ಹೆಸರು ಹೊತ್ತ ಮೊದಲ ಬ್ರಿಟಿಷ್ ಸೈನಿಕನಾದನು. ಅವನಿಗೆ ಒಂದು ವರ್ಷದ ಸೆರೆವಾಸ ಮತ್ತು ಸೇನೆಯಿಂದ ವಜಾ ಶಿಕ್ಷೆಯಾಯಿತು. ನರಹತ್ಯೆಯ ಆರೋಪದಿಂದ ಅವನೂ ಮುಕ್ತನಾದನು. ಒಂದು ಜೀವ ಹೋಯಿತು. ಕೊಂದವನು ಮಾತ್ರ ಯಾರೂ ಇಲ್ಲ!

ಹಿಂಸೆಯ ಹೊಣೆಯನ್ನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಮೂರು ಬಗೆಯಾಗಿ ಎಣಿಸುವ ರೂಢಿ ಈ ಪುಟಗಳ ವಾಚಕರಿಗೆ ಹೊಸದಲ್ಲ. ಸೇನಾ ನ್ಯಾಯಾಲಯ ಮೊದಲನೆಯದನ್ನು ಅರ್ಧ ತೆರೆದು ಮುಚ್ಚಿತು. ಉಳಿದೆರಡನ್ನು ಬೆಳಕಿಗೆ ತಂದದ್ದು ನ್ಯಾಯಮೂರ್ತಿ ಸರ್ ವಿಲಿಯಂ ಗೇಜ್ ಅವರ ವಿಚಾರಣಾ ಆಯೋಗ. ಅದರ ವರದಿ 2011ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು.

ತಲೆಗೆ ಚೀಲ ತೊಡಿಸುವುದೇ ಮೊದಲಾದ ಐದು ವಿಧಾನಗಳನ್ನು ಬ್ರಿಟಿಷ್ ಪ್ರಧಾನಿ ಎಡ್ವರ್ಡ್ ಹೀತ್ 1972ರಲ್ಲಿಯೇ ಪಾರ್ಲಿಮೆಂಟಿನಲ್ಲಿ ನಿಷೇಧಿಸಿದ್ದರು. ಉತ್ತರ ಐರ್ಲೆಂಡಿನ ಬಂದಿಗಳ ಮೇಲೆ ಅವನ್ನು ಪ್ರಯೋಗಿಸಿದ್ದು ಆ ನಿಷೇಧಕ್ಕೆ ಕಾರಣ. ಮೂವತ್ತು ವರ್ಷಗಳಲ್ಲಿ ಆ ಮಾತು ಸೇನೆಯ ತರಬೇತಿಯಿಂದಲೂ ಲಿಖಿತ ಸೂಚನೆಗಳಿಂದಲೂ ಜಾರಿಹೋಯಿತು. ಇದು ರಕ್ಷಣಾ ಇಲಾಖೆಯ ಸಾಮೂಹಿಕ ವೈಫಲ್ಯವೆಂದು ಆಯೋಗ ನಿರ್ಣಯಿಸಿತು. ಹಿರಿಯರು ಮರೆತ ನಿಯಮವನ್ನು ಕಿರಿಯ ಸೈನಿಕ ಎಲ್ಲಿ ಕಲಿತಾನು? ಹಾಗೆಂದು ಹೊಡೆತಕ್ಕೆ ಕ್ಷಮೆಯಿಲ್ಲ. ಕೈಕಾಲು ಕಟ್ಟಿದವನನ್ನು ಒದೆಯಬಾರದೆಂದು ತಿಳಿಯಲು ಯಾವ ಸುತ್ತೋಲೆಯೂ ಬೇಕಿಲ್ಲ.

ಮೂರನೆಯದು ಮೌನ. ಬಂದಿಗಳ ನರಳಾಟ ಆ ಆವರಣದಲ್ಲಿ ಅನೇಕರ ಕಿವಿಗೆ ಬಿದ್ದಿತ್ತು. ದಳದ ಧರ್ಮಗುರು ಅಲ್ಲಿಗೆ ಬಂದಿದ್ದು, ಬಂದಿಗಳ ದುಃಸ್ಥಿತಿಯನ್ನು ಕಂಡಿರಲೇಬೇಕು, ತಡೆಯಬೇಕಾಗಿತ್ತು ಎಂದು ಆಯೋಗ ಹೇಳಿತು. ದಳದ ವೈದ್ಯನ ಹೆಸರನ್ನು ವೈದ್ಯಕೀಯ ನ್ಯಾಯಮಂಡಳಿ 2012ರಲ್ಲಿ ವೈದ್ಯರ ಪಟ್ಟಿಯಿಂದ ತೆಗೆದುಹಾಕಿತು. ಗಾಯಗಳು ತಿಳಿದಿದ್ದೂ ಅವನು ಉಳಿದ ಬಂದಿಗಳನ್ನು ಕಾಪಾಡಲು ಮುಂದಾಗಲಿಲ್ಲವೆಂಬುದು ಅದರ ತೀರ್ಮಾನ. ಸಹಚರರೂ ಹೊಡೆದರೆಂದು ಪೇನ್ ಆಯೋಗದ ಮುಂದೆ ಬಾಯಿಬಿಟ್ಟದ್ದು ತನ್ನ ಶಿಕ್ಷೆ ಮುಗಿದ ಮೇಲೆ. ಅದುವರೆಗೆ ಅವರ ಮೇಲಿನ ನಿಷ್ಠೆ ಅವನ ನಾಲಗೆಯನ್ನು ಕಟ್ಟಿತ್ತಂತೆ. ಅಂಥ ನಿಷ್ಠೆ ಸತ್ತವನ ಮಕ್ಕಳಿಗೆ ಎಸಗಿದ ದ್ರೋಹವೇ ಅಲ್ಲವೇ?

1949ರ ನಾಲ್ಕನೆಯ ಜಿನೀವಾ ಒಡಂಬಡಿಕೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಶದಲ್ಲಿರುವ ಜನರನ್ನು ತನ್ನ ಸಿಬ್ಬಂದಿ ಹೇಗೆ ನಡೆಸಿಕೊಂಡರೆಂಬುದಕ್ಕೆ ರಾಜ್ಯವೇ ಹೊಣೆ. ವ್ಯಕ್ತಿಯ ಹೊಣೆ ಅದರಿಂದ ಕರಗುವುದಿಲ್ಲ. ಇವು ಒಂದೇ ಋಣದ ಎರಡು ಪಾಲುಗಳಲ್ಲ, ಎರಡು ಪೂರ್ಣ ಋಣಗಳು. ಒಬ್ಬನು ತೀರಿಸಿದನೆಂದು ಇನ್ನೊಬ್ಬನ ಬಾಕಿಯನ್ನು ಹೊಡೆದುಹಾಕುವಂತಿಲ್ಲ.

ಬ್ರಿಟಿಷ್ ಸರಕಾರ 2008ರಲ್ಲಿ ಬಹಾ ಮೂಸಾನ ಕುಟುಂಬಕ್ಕೂ ಇತರ ಒಂಬತ್ತು ಬಂದಿಗಳಿಗೂ ಒಟ್ಟು 28 ಲಕ್ಷ 30 ಸಾವಿರ ಪೌಂಡುಗಳ ಪರಿಹಾರ ಕೊಡಲು ಒಪ್ಪಿತು. ತನ್ನ ಸೇನೆಯ ತಪ್ಪನ್ನು ತಾನೇ ಬಹಿರಂಗವಾಗಿ ವಿಚಾರಿಸಿದ ದೇಶಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. ಗೆದ್ದ ಸೇನೆಗಳು ಅಷ್ಟನ್ನೂ ಮಾಡದ ಪ್ರಸಂಗಗಳೇ ಇತಿಹಾಸದಲ್ಲಿ ಹೆಚ್ಚು. ಆದರೆ ಆಯೋಗಕ್ಕೆ ಸತ್ಯವನ್ನು ಹೇಳುವ ಅಧಿಕಾರವಿತ್ತು, ದಂಡಿಸುವ ಅಧಿಕಾರವಿರಲಿಲ್ಲ. ಹಣ ಕೊಟ್ಟ ಮಾತ್ರಕ್ಕೆ ಖಾತೆ ಮುಗಿಯದೆಂಬುದು ಅಂಗಡಿಯ ಗುಮಾಸ್ತನಿಗೂ ತಿಳಿದ ವಿಷಯ. ಯಾರಿಂದ, ಯಾವ ಬಾಬ್ತಿಗೆ ಎಂದು ಕಿರ್ದಿಯಲ್ಲಿ ಬರೆಯದ ಜಮೆ ಅಪೂರ್ಣವೇ ಸರಿ.

ಮಗನ ಶವವನ್ನು ಗುರುತಿಸಿದ ಆ ತಂದೆ ಲಂಡನ್ನಿನವರೆಗೂ ಹೋಗಿ ಕೇಳಿದ್ದು ಆ ಹೆಸರುಗಳನ್ನು. ಹೊಡೆದ ಕೈಗಳ ಪೈಕಿ ಶಿಕ್ಷೆಯ ಪಟ್ಟಿ ಸೇರಿದ ಹೆಸರು ಒಂದೇ ಒಂದು. ಸುಮ್ಮನಿದ್ದ ಬಾಯಿಗಳ ಸಾಲು ಇನ್ನೂ ಬಹುಮಟ್ಟಿಗೆ ಖಾಲಿಯಾಗಿಯೇ ಉಳಿದಿದೆ.