ಬೆನ್ನುಮೂಳೆಯೂರಲ್ಲಿ ಭೂಮಿ ಹುಣ್ಣಿಮೆ

‘ಪೇಗನ್’ ಅನ್ನೋ ಪದದ ಬೇರು ಹುಡುಕಿದ್ರೆ ಲ್ಯಾಟಿನ್ನಿನ ‘ಪಾಗಾನುಸ್’ ಸಿಗುತ್ತೆ. ಅರ್ಥ ಏನು ಗೊತ್ತಾ? ಹಳ್ಳಿಯವನು! ಹಳೇ ದೇವರುಗಳನ್ನ ಬಿಡದೇ ಇದ್ದವರಿಗೆಲ್ಲ ಆಮೇಲೆ ಕ್ರೈಸ್ತರು ಇದೇ ಹೆಸರಿಟ್ಟರು. ಸಾಗರ ಸೀಮೆಯ ಹಳ್ಳಿಯವನಾದ ನನಗೆ ಇದನ್ನ ಓದಿ ನಗು ಬಂತು. ಇಂಜಿನಿಯರಿಂಗ್ ಮುಗಿಸಿ, ಕೋಡ್ ಬರೆಯೋಕೆ ಅಂತ ಮೆಲ್ಬರ್ನಿಗೆ ಬಂದು, ವೆರಿಬೀಯಲ್ಲಿ ಬಾಡಿಗೆ ಮನೆ ಹಿಡಿದು, ಈಗ ಇಪ್ಪತ್ತೆಂಟನೇ ವಯಸ್ಸಲ್ಲಿ ಮತ್ತೆ ಹಳ್ಳಿಯವನಾಗೋಕೆ ಹೊರಟಿದ್ದೀನಲ್ಲ ಅಂತ!

ಇಲ್ಲಿನ ಪೇಗನ್ನರ ಜೊತೆ ಓಡಾಡ್ತಿದ್ದೀನಿ ಅಂತ ಗೊತ್ತಾದಾಗ ಅಮ್ಮ ಫೋನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, “ನಮ್ಮ ದೇವ್ರನ್ನ ಬಿಟ್ಯೇನೋ?” ಅದು ಅಜ್ಜಿ ತೀರಿಕೊಂಡ ವರ್ಷ. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಹಾಗಾಗಿ ತಮಾಷೆ ಮಾಡಿ ತೇಲಿಸೋಕೂ ಆಗಲಿಲ್ಲ.

ಪೇಗನ್ ಅಂದ್ರೆ ಒಂದೇ ಮತ ಅಲ್ಲ, ಹತ್ತಾರು ದಾರಿಗಳು. ಅದರಲ್ಲಿ ಹೆಚ್ಚು ಹೆಸರಾದ ವಿಕ್ಕಾ ಇಂಗ್ಲೆಂಡಿನದು. ಜೆರಾಲ್ಡ್ ಗಾರ್ಡ್ನರ್ 1954ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ ಮೇಲೆ ಲೋಕಕ್ಕೆ ಗೊತ್ತಾಯ್ತು. ಅದಕ್ಕೂ ಮುಂಚೆಯೇ ಸಿಡ್ನಿಯ ಕಿಂಗ್ಸ್ ಕ್ರಾಸಿನಲ್ಲಿ ರೋಸಲೀನ್ ನಾರ್ಟನ್ ಅನ್ನೋ ಚಿತ್ರಕಾರ್ತಿ ಗ್ರೀಕರ ಪ್ಯಾನ್ ದೇವರನ್ನ ಪೂಜಿಸ್ತಿದ್ದಳು. 1949ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ನಡೆದ ಅವಳ ಚಿತ್ರಪ್ರದರ್ಶನಕ್ಕೆ ಪೊಲೀಸರು ನುಗ್ಗಿ ಅಶ್ಲೀಲ ಅಂತ ಕೇಸು ಹಾಕಿದ್ರು. ಕೇಸು ಗೆದ್ದಿದ್ದು ಅವಳೇ. ಮಾಟ ಬರುತ್ತೆ ಅಂತ ನಟಿಸೋದು ಅಪರಾಧ ಅನ್ನೋ ಹಳೇ ಕಾನೂನು ವಿಕ್ಟೋರಿಯಾದಲ್ಲಿ ರದ್ದಾಗಿದ್ದು 2005ರಲ್ಲಿ!

ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಈ ಇತಿಹಾಸ ಅಲ್ಲ, ಇವರ ಪಂಚಾಂಗ. ಯುರೋಪಿನ ಪೇಗನ್ನರು ಬೆಲ್ಟೇನ್ ಹಬ್ಬ ಮಾಡೋದು ಮೇ ತಿಂಗಳ ಶುರುವಿನಲ್ಲಿ. ಇಲ್ಲಿ ಆಗ ಎಲೆ ಉದುರೋ ಕಾಲ. ಅದಕ್ಕೆ ಇಲ್ಲಿನವರಲ್ಲಿ ಬಹಳ ಜನ ಆ ಹಬ್ಬವನ್ನ ಅಕ್ಟೋಬರ್ ಕೊನೆಗೆ ತಿರುಗಿಸಿಕೊಂಡಿದ್ದಾರೆ, ವಸಂತಕ್ಕೆ ಸರಿಯಾಗಿ. ಡೇಲ್ಸ್‌ಫೋರ್ಡ್ ಹತ್ತಿರ ಮೌಂಟ್ ಫ್ರಾಂಕ್ಲಿನ್ ಅನ್ನೋ ಆರಿಹೋದ ಜ್ವಾಲಾಮುಖಿಯ ಬಟ್ಟಲಲ್ಲಿ 1980ರ ದಶಕದಿಂದ ಈ ಹಬ್ಬಕ್ಕೆ ಸೇರುತ್ತಾ ಬಂದಿದ್ದಾರೆ. ಇನ್ನೂ ಮಜಾ ಏನಂದ್ರೆ, ಇಲ್ಲಿ ಸೂರ್ಯ ಪೂರ್ವದಿಂದ ಉತ್ತರಕ್ಕೆ ವಾಲಿ ಪಶ್ಚಿಮಕ್ಕೆ ಹೋಗ್ತಾನೆ. ಹಾಗಾಗಿ ಎಷ್ಟೋ ಜನ ಸುತ್ತು ಬರೋದೂ ಎಡಕ್ಕೆ! ಕ್ಯಾರಮ್ ಡೌನ್ಸಿನ ಶಿವ-ವಿಷ್ಣು ದೇವಸ್ಥಾನದಲ್ಲಿ ನಾವು ಮಾತ್ರ ಊರಿನ ಹಾಗೇ ಬಲಕ್ಕೇ ಪ್ರದಕ್ಷಿಣೆ ಹಾಕ್ತೀವಿ. ಯಾರದ್ದೂ ತಪ್ಪಲ್ಲ. ಆದ್ರೆ ಹಬ್ಬ ಪುಸ್ತಕದ್ದೋ, ಕಾಲಕೆಳಗಿನ ನೆಲದ್ದೋ ಅನ್ನೋ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಹೀಗೆ.

ಆಗ ನೆನಪಾಗಿದ್ದು ನಮ್ಮ ದೀವರ ಭೂಮಿ ಹುಣ್ಣಿಮೆ. ಅದೂ ಹೆಚ್ಚುಕಮ್ಮಿ ಅಕ್ಟೋಬರಿಗೇ ಬರುತ್ತೆ, ಸೀಗಿ ಹುಣ್ಣಿಮೆ ದಿನ. ಭತ್ತ ಹೊಡೆ ತುಂಬಿ ನಿಂತಿರುತ್ತೆ, ಅಂದ್ರೆ ಭೂಮಿತಾಯಿ ಬಸುರಿ. ಅವಳಿಗೆ ಬಯಕೆ ಊಟ ಹಾಕಬೇಕು. ಅಜ್ಜಿ ದಿನಗಟ್ಟಲೆ ಕೂತು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚ ಹಿಡಿದು ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೀತಿದ್ದಳು. ರಾತ್ರಿಯೆಲ್ಲ ಅಡುಗೆ. ಬೆಳಕು ಹರಿಯೋ ಮುಂಚೆ ಸೊಪ್ಪು, ತರಕಾರಿ ಬೇಯಿಸಿದ ಹಚ್ಚಂಬಲಿಯನ್ನ ಗದ್ದೆಗೆಲ್ಲ ಬೀರಿ, ಪೈರಿಗೆ ಪೂಜೆ ಮಾಡಿ, ಕಾಗೆಗೂ ಒಂದು ಎಡೆ ಇಟ್ಟು, ಗದ್ದೆ ಬದುವಿನ ಮೇಲೇ ಊಟ. ಮಂತ್ರ ಇಲ್ಲ, ಭಟ್ಟರಿಲ್ಲ. ಅಜ್ಜಿಗೆ ಇದಕ್ಕೊಂದು ಮತದ ಹೆಸರು ಬೇಕೇ ಆಗಿರಲಿಲ್ಲ ನೋಡಿ.

ಹಾಗಂತ ಇಲ್ಲಿ ಏನು ಮಾಡೋದು? ವೆರಿಬೀ ಅನ್ನೋ ಹೆಸರೇ ವಾಡವುರ್ರಂಗ್ ಜನರ ಮಾತಿನದು; ಬೆನ್ನುಮೂಳೆ ಅಂತ ಅರ್ಥ. ಇಲ್ಲಿಗೆ ಹತ್ತಿರದಲ್ಲೇ ವುರ್ಡಿ ಯುವಾಂಗ್ ಇದೆ. ಸುಮಾರು 100 ಕಪ್ಪು ಕಲ್ಲುಗಳನ್ನ ಸುಮಾರು 50 ಮೀಟರ್ ಉದ್ದದ ಮೊಟ್ಟೆಯಾಕಾರಕ್ಕೆ ಜೋಡಿಸಿರೋ ಜಾಗ. ಅಯನ, ವಿಷುವಗಳಂದು ಸೂರ್ಯ ಮುಳುಗೋ ದಿಕ್ಕನ್ನ ಅವು ತೋರಿಸ್ತವೆ ಅಂತಾರೆ ಸಂಶೋಧಕರು. 2006ರಲ್ಲಿ ಆ ಜಾಗ ಮತ್ತೆ ಮೂಲನಿವಾಸಿಗಳ ಕೈ ಸೇರಿತು. ಅಲ್ಲಿ ಹೋಗಿ ದೀಪ ಹಚ್ಚೋ ಆಸೆ ನನಗಿಲ್ಲ. ಅದು ಬೇರೆಯವರ ಅಜ್ಜಿಯರ ಗದ್ದೆ. ನೆರೆಯವನಾಗಿ ದೂರದಿಂದ ಕೈಮುಗಿದರೆ ಸಾಕು.

ಹೋದ ಸೀಗಿ ಹುಣ್ಣಿಮೆಗೆ ವೆರಿಬೀ ಸೌತ್ ತೋಟದ ಹೂಕೋಸು, ನನ್ನ ಹಿತ್ತಲಿನ ಸಿಲ್ವರ್‌ಬೀಟ್ ಸೊಪ್ಪು ಹಾಕಿ ಹಚ್ಚಂಬಲಿ ಮಾಡಿದೆ. ಇಲ್ಲಿ ಭತ್ತ ಇಲ್ಲ, ಭೂಮಿ ಇನ್ನೂ ಬಸುರಿಯೂ ಅಲ್ಲ, ಈಗಷ್ಟೇ ಚಿಗುರ್ತಾ ಇದ್ದಾಳೆ. ಹಾಗಾಗಿ ಬಯಕೆ ಊಟ ಅನ್ನದೆ, ಹಸಿವಿನ ಊಟ ಅಂದುಕೊಂಡು ಟೊಮೇಟೊ ಪಾತಿಗೆ ಬೀರಿದೆ. ಎಡೆಗೆ ಕಾಗೆ ಬರಲಿಲ್ಲ, ಮ್ಯಾಗ್‌ಪೈ ಬಂತು.

ಆವತ್ತು ಅಮ್ಮನಿಗೆ ಹೇಳಿದೆ, “ದೇವ್ರನ್ನ ಬಿಟ್ಟಿಲ್ಲಮ್ಮ, ಅಜ್ಜಿ ದೇವ್ರನ್ನ ಹುಡುಕ್ತಿದ್ದೀನಿ.” ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, “ಬುಟ್ಟಿಗೆ ಚಿತ್ತಾರ ಯಾರು ಬರೆದ್ರು?” ಬೋಳು ಬುಟ್ಟಿ ಅಂದೆ. ಮನೆಯಲ್ಲೀಗ ಚಿತ್ತಾರ ಬರೆಯೋರು ಯಾರೂ ಇಲ್ಲ, ಗದ್ದೆಯೂ ಅಡಿಕೆ ತೋಟ ಆಗಿದೆ. “ಊರಿಗೆ ಬಾ, ಪಕ್ಕದ ಮನೆ ದೊಡ್ಡಮ್ಮನಿಗೆ ಇನ್ನೂ ಕೈ ನಡುಗಲ್ಲ. ಇಬ್ಬರೂ ಕಲಿಯೋಣ” ಅಂದಳು.

ಸೆಪ್ಟೆಂಬರಿಗೆ ಟಿಕೆಟ್ ನೋಡ್ತಾ ಇದ್ದೀನಿ.